ಬೆಂಚಿನ ಟಿಕೆಟ್ಟು

ಯಲಹಂಕದ ನಮ್ಮ ಬೀದಿಯಲ್ಲಿ ಭಾನುವಾರ ಸಂಜೆ ಐದು ಗಂಟೆಯೆಂದರೆ ಕಾಫಿಯ ಹೊತ್ತು. ನೆರೆಮನೆಯ ಗೃಹಸ್ಥರು ತಮ್ಮ ಮನೆಯ ಕಾಫಿಯನ್ನು ಮುಗಿಸಿ, ನಮ್ಮ ಮನೆಯ ಕಾಫಿಗೆಂದು ಗೇಟು ಸರಿಸಿಕೊಂಡು ಬರುವ ಹೊತ್ತೂ ಅದೇ. ಆದರೆ ಈಚೆಗೊಂದು ಭಾನುವಾರ ಅವರು ಬಂದಾಗ ಮುಖದಲ್ಲಿ ಎಂದಿನ ಪ್ರಸನ್ನತೆ ಇರಲಿಲ್ಲ. ಹಿಂದೆಯೇ ಅವರ ಮಗಳೂ ಬಂದಳು. ಇಂಜನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿರುವ ಹುಡುಗಿ; ಎಂಟು ವರ್ಷದಿಂದ ಸಂಗೀತ ಪಾಠಕ್ಕೂ ಹೋಗುತ್ತಿದ್ದಾಳೆ. ವಾದ ಅವರ ಮನೆಯಲ್ಲಿ ಆರಂಭವಾಗಿ, ತೀರ್ಪಿಗಾಗಿ ನಮ್ಮ ಮನೆಗೆ ಬಂದಿತ್ತು.

“ನೋಡಿ ಸ್ವಾಮಿ, ಏಳೂವರೆ ಸಾವಿರವಂತೆ!” ಎಂದರು ಅವರು, ಕುಳಿತುಕೊಳ್ಳುವ ಮೊದಲೇ.

“ಯಾವುದಕ್ಕೆ?”

“ಹಾಡು ಕೇಳೋದಕ್ಕೆ. ಯಾರೋ ವಿದೇಶದ ಹಾಡುಗಾರ ಬರ್ತಾನಂತೆ. ಒಬ್ಬರಿಗೆ ಏಳೂವರೆ ಸಾವಿರ. ಅದೂ ನಿಂತುಕೊಂಡು ಕೇಳಬೇಕಂತೆ!”

“ನಿಂತು ಕೇಳೋದೇ ಅದರಲ್ಲಿ ಮಜಾ, ಅಪ್ಪ. ಕೂತು ಕೇಳೋದಕ್ಕೆ ಅದೇನು ಹರಿಕಥೆಯೇ?” ಎಂದಳು ಮಗಳು. ನನ್ನ ಕಡೆಗೆ ತಿರುಗಿ, “ನೀವೇ ಹೇಳಿ ಅಂಕಲ್, ನಾನೇನು ಅಪ್ಪನ ದುಡ್ಡು ಕೇಳ್ತಿಲ್ಲ. ಬೇಸಿಗೆ ರಜದಲ್ಲಿ ಕಂಪನಿಯಲ್ಲಿ ಕೆಲಸ ಮಾಡಿ ಕೂಡಿಟ್ಟಿದ್ದೀನಿ. ನನ್ನ ದುಡ್ಡಿನಲ್ಲಿ ನಾನು ಹಾಡು ಕೇಳೋದು ತಪ್ಪೇ?” ಎಂದು ಪ್ರಶ್ನಿಸಿದಳು.

ತಂದೆ ಮಗಳ ನಡುವೆ ತೀರ್ಪು ಹೇಳುವ ಸಾಹಸಕ್ಕೆ ಬುದ್ಧಿವಂತನಾದವನು ಕೈ ಹಾಕುವುದಿಲ್ಲ. “ಮುಂದಿನ ವಾರದ ಅಂಕಣದಲ್ಲಿ ಬರೆಯುತ್ತೇನೆ, ಓದಿಕೊಳ್ಳಿ” ಎಂದು ಹೇಳಿ ಪಾರಾದೆ. ಹಾಗೆ ಕೊಟ್ಟ ಮಾತನ್ನು ಈಗ ನಡೆಸಿಕೊಡಬೇಕಾಗಿದೆ.

ಹಾಡು ಕೇಳುವುದಕ್ಕೆ ಏಳೂವರೆ ಸಾವಿರ ಹೆಚ್ಚೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದರೆ, ಹಾಡಿಗೆ ಹಣ ಕೊಡುವ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆದು ಬಂತು ಎಂಬುದನ್ನು ಸ್ವಲ್ಪ ನೋಡಬೇಕು. ಮೊದಲು ಹಣ ಕೊಡುತ್ತಿದ್ದವನು ಅರಸ. ಕಲ್ಕತ್ತೆಯ ಪ್ರಸಿದ್ಧ ಗಾಯಕಿ ಗೌಹರ್ ಜಾನ್, ಭಾರತದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಒಬ್ಬಳು, ತನ್ನ ಬಾಳಿನ ಇಳಿಹೊತ್ತಿನಲ್ಲಿ ಮೈಸೂರಿಗೆ ಬಂದಳು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಕೆಗೆ ತಿಂಗಳಿಗೆ 500 ರೂಪಾಯಿ ಸಂಬಳ ಗೊತ್ತಾಯಿತು. 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲೇ ತೀರಿಕೊಂಡಳು. ಈ ಪದ್ಧತಿಯಲ್ಲಿ ಕೇಳುವವನಿಗೆ ಖರ್ಚಿಲ್ಲ. ಆದರೆ ಕೇಳುವ ಭಾಗ್ಯ ಅರಮನೆಯ ಬಾಗಿಲನ್ನು ದಾಟಬಲ್ಲವರಿಗೆ ಮಾತ್ರ.

ಅರಮನೆಯ ಹೊರಗಿದ್ದ ಜನಕ್ಕೆ ಹಾಡನ್ನೂ ಆಟವನ್ನೂ ಹಣಕ್ಕೆ ಸಿಗುವಂತೆ ಮಾಡಿದವು ನಾಟಕದ ಕಂಪನಿಗಳು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾಯಿತು. ಆ ಕಂಪನಿಗಳ ನಾಟಕವೆಂದರೆ ಅರ್ಧ ಸಂಗೀತವೇ. ಊರಿನಿಂದ ಊರಿಗೆ ಡೇರೆ, ಪರದೆ, ಹಾರ್ಮೋನಿಯಮ್ಮುಗಳನ್ನು ಹೊತ್ತು ತಿರುಗುತ್ತಿದ್ದ ಅವು, ಇಂದಿನವರು ‘ಟೂರ್’ ಎನ್ನುವುದನ್ನು ಆಗಲೇ ಮಾಡುತ್ತಿದ್ದವು. ಅಲ್ಲಿ ಟಿಕೆಟ್ಟಿನ ವ್ಯವಸ್ಥೆ ಹಿರಿಯ ವಾಚಕರಿಗೆ ನೆನಪಿರಬಹುದು. ಮುಂದೆ ಕುರ್ಚಿ, ನಡುವೆ ಬೆಂಚು, ಮಿಕ್ಕವರಿಗೆ ನೆಲ. ಕುರ್ಚಿಯಲ್ಲಿ ಊರಿನ ದೊಡ್ಡ ಮನುಷ್ಯರು ಕೂಡುತ್ತಿದ್ದರು. ನೆಲದ ಮೇಲೆ ಕೂಲಿನಾಲಿ ಮಾಡುವವರು ಕೂಡುತ್ತಿದ್ದರು. ಆಟವನ್ನು ಎಲ್ಲರಿಗಿಂತ ಹೆಚ್ಚು ಸವಿಯುತ್ತಿದ್ದವರೂ ಅವರೇ. ಬೆಂಚಿನ ಮೇಲೆ ಕೂಡುತ್ತಿದ್ದವರು ಶಾಲೆಯ ಮೇಷ್ಟರು, ಅಮಲ್ದಾರರ ಕಚೇರಿಯ ಗುಮಾಸ್ತರು, ಅಂಗಡಿಯವರು, ಅವರ ಹೆಂಡಿರು ಮಕ್ಕಳು. ಎಂದರೆ, ನಮ್ಮಂಥವರು. ತಿಂಗಳ ಸಂಬಳದಲ್ಲಿ ಒಂದಿಷ್ಟನ್ನು ಬಿಗಿಹಿಡಿದರೆ ಮನೆಮಂದಿಯೆಲ್ಲ ಒಂದು ರಾತ್ರಿ ಬೆಂಚಿನ ಮೇಲೆ ಕುಳಿತು ಬರಬಹುದಾಗಿತ್ತು. ಈ ಬೆಂಚನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಬರಿಯ ಸಂಗೀತ ಕಚೇರಿಗೆ ಹಾಗೆ ಜನ ಸೇರುವುದಕ್ಕೆ ಒಂದು ಅಡ್ಡಿಯಿತ್ತು. ಗಾಯಕನ ಕಂಠ ಎಷ್ಟು ದೂರ ಕೇಳಿಸುವುದೋ ಅಷ್ಟು ದೂರಕ್ಕೆ ಮಾತ್ರ ಸಭೆ. ಸಭೆ ಎಷ್ಟೋ ಅಷ್ಟೇ ಉತ್ಪತ್ತಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ತನ್ನ ಗ್ರಂಥದಲ್ಲಿ ಇದೇ ಮಾತನ್ನು ಹೇಳಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಶ್ರೀಮತಿ ಬಿಲ್ಲಿಂಗ್ಟನ್ ಎಂಬ ಗಾಯಕಿ ಒಂದು ಋತುವಿನಲ್ಲಿ 10,000 ಪೌಂಡು ಗಳಿಸಿದಳೆಂದು ಪ್ರತೀತಿ; ಮನುಷ್ಯಕಂಠ ಮುಟ್ಟಬಲ್ಲ ಜನರ ಸಂಖ್ಯೆಗೆ ಮಿತಿಯಿರುವ ತನಕ ಇನ್ನಾವ ಗಾಯಕನೂ ಅದನ್ನು ಮೀರಿಸುವುದು ಕಷ್ಟವೆಂದು ಆತ ಭಾವಿಸಿದ್ದ. ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರು ಅರ್ಥಶಾಸ್ತ್ರವನ್ನು ಓದಿದವರಲ್ಲ. ಆದರೆ ಆ ಮಿತಿಯ ಬಿಸಿ ಅವರಿಗೆ ತಟ್ಟಿತ್ತು. ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲೆಂದು, ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕೂಡಿಸಿ ಏಳು ತಂತಿಯದನ್ನಾಗಿ ಮಾಡಿದರು. ಹಿಂದಿನ ಸಾಲಿನವನೂ ಸಭಿಕನೇ ಎಂಬ ಗೌರವ ಆ ಮೂರು ತಂತಿಗಳಲ್ಲಿದೆ. ಮಲ್ಲೇಶ್ವರದ ಪಕ್ಕದಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಆಮೇಲೆ ಧ್ವನಿವರ್ಧಕ ಬಂತು. ಕಂಠದ ಮಿತಿ ಹರಿಯಿತು. ಬೆಂಗಳೂರಿನಲ್ಲಿ ಅದರ ಫಲವನ್ನು ಚೆನ್ನಾಗಿ ಕಂಡದ್ದು ಚಾಮರಾಜಪೇಟೆಯಲ್ಲಿ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಸ್ಥಾಪಿಸಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಉತ್ಸವ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ದೇಶದ ಹಿರಿಯ ವಿದ್ವಾಂಸರನ್ನೆಲ್ಲ ಊರಿನ ಮುಂದೆ ಕೂರಿಸಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದರು, ಬಿಸ್ಮಿಲ್ಲಾ ಖಾನರು ಷಹನಾಯಿ ನುಡಿಸಿದರು, ಭೀಮಸೇನ ಜೋಶಿಯವರು ಹಾಡಿದರು. ಒಳಗೆ ಟಿಕೆಟ್ಟು ಕೊಂಡವರು. ಹೊರಗೆ ರಸ್ತೆಯ ಅಂಚಿನಲ್ಲಿ ಕೊಳ್ಳಲಾಗದವರು. ಹಾಡು ಮಾತ್ರ ಇಬ್ಬರಿಗೂ ಒಂದೇ. ಒಳಗಿನವರು ಕೊಟ್ಟ ಹಣದಿಂದ ವಿದ್ವಾಂಸರ ಸಂಭಾವನೆ ಸಂದಾಯವಾಯಿತು; ಹೊರಗೆ ನಿಂತು ಕೇಳಿದ ಹುಡುಗರಲ್ಲಿ ಎಷ್ಟೋ ಮಂದಿ ಕೆಲಸ ಸಿಕ್ಕಿದ ಮೇಲೆ ಒಳಗಿನ ಸಾಲಿಗೆ ಬಂದು ಕುಳಿತರು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಾನುಲಿ ನಿಲಯ ಬಂದ ಮೇಲಂತೂ ಕಚೇರಿ ಮನೆಯ ಒಳಕ್ಕೇ ನಡೆದು ಬಂತು.

ಆ ಕಾಲದ ವಿದ್ವಾಂಸರೂ ವಿದುಷಿಯರೂ ಹಣವನ್ನು ಬೇಡವೆಂದವರಲ್ಲ. ಆದರೆ ಅದನ್ನು ಎಲ್ಲಿ ಸುರಿದರು ಎಂಬುದನ್ನು ನೋಡಬೇಕು. ನಂಜನಗೂಡಿನಲ್ಲಿ ಹುಟ್ಟಿ, ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ ಬೆಂಗಳೂರು ನಾಗರತ್ನಮ್ಮನವರು, ಕಚೇರಿಗಳಿಂದ ಗಳಿಸಿದ ಸಂಪತ್ತನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಮೇಲೆ ಗುಡಿ ಕಟ್ಟಿಸುವುದಕ್ಕೆ ವಿನಿಯೋಗಿಸಿದರು, ಒಡವೆಗಳನ್ನೂ ಮಾರಿದರು. 1925ರಲ್ಲಿ ಗುಡಿಯ ಪ್ರತಿಷ್ಠೆಯಾಯಿತು. ಸುಬ್ಬುಲಕ್ಷ್ಮಿಯವರ ಸಹಾಯಾರ್ಥ ಕಚೇರಿಗಳಂತೂ ನೂರಾರು. ಕನ್ನಡದ ವರನಟ ರಾಜ್‌ಕುಮಾರರು ಊರೂರುಗಳಲ್ಲಿ ರಸಮಂಜರಿ ಕಾರ್ಯಕ್ರಮಗಳನ್ನು ನಡೆಸಿ, ಕೂಡಿದ ಹಣವನ್ನು ಸಾರ್ವಜನಿಕ ಕಾರ್ಯಗಳಿಗೆ ಬಿಟ್ಟುಕೊಟ್ಟದ್ದು ನಮ್ಮವರೆಲ್ಲ ಕಣ್ಣಾರೆ ಕಂಡ ಸಂಗತಿ.

ಹಾಗೆಂದು ಹಿಂದಿನ ಕಾಲವೆಲ್ಲ ಚಿನ್ನ, ಇಂದಿನದೆಲ್ಲ ಹಿತ್ತಾಳೆ ಎನ್ನಲಾಗದು. ಟಿಕೆಟ್ಟಿನ ಹುಚ್ಚು ಇಂದಿನ ಹುಡುಗರು ಕಂಡುಹಿಡಿದದ್ದಲ್ಲ. 1850ರಲ್ಲಿ ಸ್ವೀಡನ್ ದೇಶದ ಗಾಯಕಿ ಜೆನಿ ಲಿಂಡಳನ್ನು ಬಾರ್ನಮ್ ಎಂಬ ಚತುರ ವ್ಯಾಪಾರಿ ಅಮೆರಿಕಕ್ಕೆ ಕರೆಸಿ, ನ್ಯೂಯಾರ್ಕಿನಲ್ಲಿ ಮೊದಲ ಕಚೇರಿಯ ಟಿಕೆಟ್ಟುಗಳನ್ನು ಹರಾಜು ಹಾಕಿಸಿದ. ಮೊದಲನೆಯ ಟಿಕೆಟ್ಟು 225 ಡಾಲರಿಗೆ ಹೋಯಿತು. ಕೊಂಡವನು ಟೋಪಿ ಮಾರುವ ವರ್ತಕ! ಅವನ ಹೆಸರು ಪತ್ರಿಕೆಗಳಲ್ಲೆಲ್ಲ ಬಂದು ಟೋಪಿಗಳು ಭರದಿಂದ ಮಾರಾಟವಾದವು. ಬಾರ್ನಮ್ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ: 95 ಕಚೇರಿಗಳಿಂದ ಬಂದದ್ದು ಸುಮಾರು 7,12,000 ಡಾಲರು; ಗಾಯಕಿಯ ಪಾಲಿಗೆ ಸುಮಾರು 1,76,000. ಆಕೆ ಅದರಲ್ಲಿ ಬಹುಪಾಲನ್ನು ತನ್ನ ನಾಡಿನ ಶಾಲೆಗಳಿಗೂ ಧರ್ಮಕಾರ್ಯಗಳಿಗೂ ಕೊಟ್ಟಳು.

ಆದರೂ ಈಚಿನ ದಶಕಗಳಲ್ಲಿ ಏನೋ ಬದಲಾಗಿದೆ ಎಂಬುದಕ್ಕೆ ಅಂಕಿಗಳೇ ಸಾಕ್ಷಿ. 1965ರ ಆಗಸ್ಟ್ 15ರಂದು ಬೀಟಲ್ಸ್ ತಂಡದವರು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಹಾಡಿದರು. 55,600 ಜನ, ಉತ್ಪತ್ತಿ 3,04,000 ಡಾಲರು. ಭಾಗಿಸಿ ನೋಡಿದರೆ ತಲೆಗೆ ಸುಮಾರು ಐದೂವರೆ ಡಾಲರು. ಅಲ್ಲಿಂದ ಇಲ್ಲಿಗೆ ಅಮೆರಿಕದಲ್ಲಿ ಪದಾರ್ಥಗಳ ಬೆಲೆ ಸುಮಾರು ಹತ್ತರಷ್ಟಾಗಿದೆ. ಆ ಲೆಕ್ಕಕ್ಕೆ ಇಂದು ಅದೇ ಟಿಕೆಟ್ಟು ಐವತ್ತೈದು ಡಾಲರಿನಷ್ಟು ಆಗಬೇಕು. ಆದರೆ 2023ರ ಮಾರ್ಚಿಯಿಂದ 2024ರ ಡಿಸೆಂಬರಿನವರೆಗೆ ಟೇಲರ್ ಸ್ವಿಫ್ಟ್ ಎಂಬ ಗಾಯಕಿ ನಡೆಸಿದ 149 ಕಚೇರಿಗಳಿಗೆ ಒಂದು ಕೋಟಿಗೂ ಹೆಚ್ಚು ಜನ ಬಂದು, 200 ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿತು. ತಲೆಗೆ 204 ಡಾಲರು! ಪದಾರ್ಥಗಳ ಬೆಲೆ ಹತ್ತು ಪಟ್ಟಾದರೆ ಹಾಡಿನ ಬೆಲೆ ಮೂವತ್ತೇಳು ಪಟ್ಟು.

ಇದಕ್ಕೆ ಕಾರಣವೇನು? ಎರಡು ಕಾರಣಗಳನ್ನು ಬಲ್ಲವರು ಹೇಳುತ್ತಾರೆ. ಮೊದಲನೆಯದನ್ನು ಬೌಮೋಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಹೇಳಿದರು. ಬಟ್ಟೆ ನೇಯುವವನಿಗೆ ಯಂತ್ರ ಬಂದು ಒಂದು ದಿನದಲ್ಲಿ ನೂರು ಪಟ್ಟು ನೇಯಬಲ್ಲ. ಆದರೆ ಮೂರು ಗಂಟೆಯ ಕಚೇರಿಯನ್ನು ಹಾಡಲು ಇಂದಿಗೂ ಮೂರು ಗಂಟೆಯೇ ಬೇಕು. ಮಿಕ್ಕವರ ಸಂಬಳ ಏರಿದಂತೆ ಹಾಡುವವನ ಸಂಬಳವೂ ಏರಬೇಕಾದರೆ ಟಿಕೆಟ್ಟು ತುಟ್ಟಿಯಾಗದೆ ವಿಧಿಯಿಲ್ಲ. ಎರಡನೆಯ ಕಾರಣ ಈಚಿನದು. ಹಿಂದೆ ಕಚೇರಿಯಲ್ಲಿ ಹಾಡಿ ತಮ್ಮ ಪ್ಲೇಟುಗಳನ್ನೂ ಕ್ಯಾಸೆಟ್ಟುಗಳನ್ನೂ ಮಾರಿಕೊಳ್ಳುತ್ತಿದ್ದರು. ಈಗ ಪ್ಲೇಟೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಹಾಡೆಲ್ಲ ಅಂಗೈಯ ಫೋನಿನಲ್ಲಿ. ಡೇವಿಡ್ ಬೋವಿ ಎಂಬ ಆಂಗ್ಲ ಗಾಯಕ 2002ರಲ್ಲೇ ಇದನ್ನು ಊಹಿಸಿದ್ದ: ಸಂಗೀತವು ನಲ್ಲಿಯ ನೀರಿನಂತೆ ಆಗಿಬಿಡುವುದು, ಗಾಯಕನಿಗೆ ಉಳಿಯುವ ಸಂಪಾದನೆ ಊರೂರು ತಿರುಗಿ ಹಾಡುವುದೊಂದೇ, ಎಂಬುದು ಆತನ ಅಭಿಪ್ರಾಯವಾಗಿತ್ತು. ಹಾಗೆಯೇ ಆಯಿತು.

ಇಷ್ಟೇ ಆಗಿದ್ದರೆ ದುಃಖಪಡಬೇಕಾಗಿರಲಿಲ್ಲ. ಹಾಡುವವನಿಗೆ ನಾಲ್ಕು ಕಾಸು ಬರುವುದಾದರೆ ಬರಲಿ. ಆದರೆ ಬರುವ ಹಣ ಯಾರಿಗೆ ಬರುತ್ತದೆ? ಅಮೆರಿಕದ ಅರ್ಥಶಾಸ್ತ್ರಜ್ಞ ಆಲನ್ ಕ್ರೂಗರ್ 2019ರ ತನ್ನ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಹೀಗಿದೆ: 1982ರಲ್ಲಿ ಕಚೇರಿಗಳ ಒಟ್ಟು ಉತ್ಪತ್ತಿಯಲ್ಲಿ ಮೇಲಿನ ನೂರಕ್ಕೆ ಒಬ್ಬರು ಗಾಯಕರ ಪಾಲು 26ರಷ್ಟಿತ್ತು, 2017ರ ಹೊತ್ತಿಗೆ ಅದು 60 ಆಯಿತು. ನೂರು ಮಂದಿ ಗಾಯಕರು ದುಡಿದ ನೂರು ರೂಪಾಯಿಯಲ್ಲಿ ಅರವತ್ತನ್ನು ಒಬ್ಬನು ಒಯ್ದರೆ, ಮಿಕ್ಕ ತೊಂಬತ್ತೊಂಬತ್ತು ಜನ ನಲವತ್ತನ್ನು ಹಂಚಿಕೊಳ್ಳಬೇಕು. ಇಲ್ಲಿ ನನಗೆ ಆ ಹಳೆಯ ಬೆಂಚು ನೆನಪಾಗುತ್ತದೆ. ವೇದಿಕೆಯ ಮುಂದೆ ಮಾತ್ರವಲ್ಲ, ವೇದಿಕೆಯ ಮೇಲೆಯೂ ಒಂದು ಬೆಂಚಿತ್ತು: ಜಗತ್ಪ್ರಸಿದ್ಧನೂ ಅಲ್ಲದ, ಉಪವಾಸ ಬೀಳುವವನೂ ಅಲ್ಲದ, ಹಾಡಿಯೇ ಸಂಸಾರ ನಡೆಸುತ್ತಿದ್ದ ಮಧ್ಯಮ ತರಗತಿಯ ಕಲಾವಿದ. ಎರಡು ಬೆಂಚುಗಳೂ ಒಟ್ಟಿಗೆ ಕಾಣೆಯಾಗುತ್ತಿವೆ.

ನಮ್ಮ ಉತ್ತರ ಬೆಂಗಳೂರಿನವರಿಗೆ ಇದನ್ನು ಅರಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತದವರೆಗೆ ಹೋದರೆ ಸಾಕು. ಆರ್. ಟಿ. ನಗರದವರು ಬೆಳಗಿನ ನಡಿಗೆಯಲ್ಲಿ ಮುಟ್ಟಬಹುದಾದಷ್ಟು ಹತ್ತಿರದಲ್ಲಿದೆ ಅರಮನೆ ಮೈದಾನ. 2003ರ ಏಪ್ರಿಲ್ 4ರಂದು ಅಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಭಾರತದಲ್ಲಿ ತಮ್ಮ ಮೊಟ್ಟಮೊದಲ ಕಚೇರಿಯನ್ನು ನಡೆಸಿದರು. 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಎಂಬ ತಂಡಗಳು ಅಲ್ಲಿಗೇ ಬಂದವು. ದೇಶದ ಮೂಲೆಮೂಲೆಗಳಿಂದ ಕಪ್ಪು ಅಂಗಿಯ ತರುಣರು ರೈಲು ಹತ್ತಿ ಬೆಂಗಳೂರಿಗೆ ಬಂದರು.

ಅದೇ ಮೈದಾನದಲ್ಲಿ, ಸ್ಟೋನ್ಸ್ ತಂಡದವರು ಬಂದು ಹೋದ ಎರಡು ವರ್ಷಕ್ಕೆ, 2005ರ ಏಪ್ರಿಲಿನಲ್ಲಿ, ಸಿ. ಅಶ್ವತ್ಥರು ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮವನ್ನು ನಡೆಸಿದರು. ಸುಗಮ ಸಂಗೀತವೆಂದರೆ ಸಭಾಂಗಣದಲ್ಲಿ ಮುನ್ನೂರು ಜನರ ಮುಂದೆ ಹಾರ್ಮೋನಿಯಂ ಹಿಡಿದು ಹಾಡುವುದು ಎಂದು ತಿಳಿದಿದ್ದವರೆಲ್ಲ ಬೆರಗಾದರು. ಲಕ್ಷದ ಲೆಕ್ಕದಲ್ಲಿ ಎಣಿಸುವಷ್ಟು ಜನ! ಕೈಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು, ಊರುಗೋಲಿನ ಅಜ್ಜಂದಿರು, ಕಾಲೇಜಿನ ಹುಡುಗರು, ಎಲ್ಲರೂ ಕೂಡಿ, ಕವಿಗಳ ಸಾಲುಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತ ಹಾಡಿದರು. ಕನ್ನಡಕ್ಕೆ ಜನ ಬರುವುದಿಲ್ಲ ಎಂಬ ಮಾತು ಆ ಒಂದು ರಾತ್ರಿಯ ಮಟ್ಟಿಗಾದರೂ ಸುಳ್ಳಾಯಿತು. ಅಶ್ವತ್ಥರು 2009ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು. ಆ ರಾತ್ರಿಯದು ಕುಟುಂಬಗಳ ಸಭೆಯಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕಾಗಿದೆ. ಒಬ್ಬೊಬ್ಬರಾಗಿ ಬಂದವರಲ್ಲ, ಮನೆಮನೆಯೇ ಎದ್ದು ಬಂದದ್ದು.

ಈಗ ದೊಡ್ಡ ಕಚೇರಿಗಳು ತುಮಕೂರು ರಸ್ತೆಯ ಕಡೆಗೆ ಹೊರಳಿವೆ. 2024ರ ನವೆಂಬರ್ 7ರಂದು ನಮ್ಮ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಮುಂದುವರಿಯಿತು. ಯಶವಂತಪುರದಲ್ಲಿ ಹತ್ತಿದವನು ಪೀಣ್ಯ, ದಾಸರಹಳ್ಳಿ, ನಾಗಸಂದ್ರಗಳನ್ನು ದಾಟಿ ಕೊನೆಯ ನಿಲ್ದಾಣದಲ್ಲಿ ಇಳಿದರೆ ನೈಸ್ ಮೈದಾನ. ಮರುತಿಂಗಳೇ ಅಲ್ಲಿ ಪಂಜಾಬಿನ ದಿಲ್ಜಿತ್ ದೋಸಾಂಜ್ ಹಾಡಿದರು. 2025ರ ಫೆಬ್ರವರಿ 8 ಮತ್ತು 9ರಂದು ಇಂಗ್ಲೆಂಡಿನ ಎಡ್ ಶೀರನ್ ಹಾಡಿದರು. ಅದೇ ಹೊತ್ತಿನಲ್ಲಿ ಮುಂಬಯಿಯಲ್ಲಿಯೂ ಅಹಮದಾಬಾದಿನಲ್ಲಿಯೂ ಕೋಲ್ಡ್‌ಪ್ಲೇ ತಂಡದ ಕಚೇರಿಗಳು ನಡೆದವು. ಅವುಗಳ ಟಿಕೆಟ್ಟು 2,500 ರೂಪಾಯಿಗೆ ಆರಂಭವಾಗಿ 35,000ದವರೆಗೆ ಹೋಗಿತ್ತು. 2024ರ ಸೆಪ್ಟೆಂಬರ್ 22ರಂದು ಮಾರಾಟ ತೆರೆದಾಗ ಸರದಿಯಲ್ಲಿ ನಿಂತವರು ಒಂದು ಕೋಟಿ ಮೂವತ್ತು ಲಕ್ಷ! ಮುಂಬಯಿಯ ಮೂರು ಸಂಜೆಗಳಿಗೂ ಸೇರಿ ಎರಡು ಲಕ್ಷ ಸ್ಥಳಗಳೂ ಇರಲಿಲ್ಲ. ಕಾಳಸಂತೆಯಲ್ಲಿ ಅವೇ ಟಿಕೆಟ್ಟುಗಳಿಗೆ ಲಕ್ಷಗಟ್ಟಲೆ ಬೆಲೆ ಕೂಗಿದರು.

ಇಷ್ಟು ಬೇಡಿಕೆಯಿದ್ದಾಗ ಬೆಲೆ ಇಳಿಸಿ ಎಂದು ಕೇಳಿದರೆ ವ್ಯಾಪಾರಿ ನಗುತ್ತಾನೆ. ಆದರೆ ಕಡಿಮೆ ಬೆಲೆಯಿಂದಲೂ ದೊಡ್ಡ ಸಂಪಾದನೆ ಆಗದೆ ಇಲ್ಲ. ಎಡ್ ಶೀರನ್ 2017ರಿಂದ 2019ರವರೆಗೆ ನಡೆಸಿದ ಲೋಕಸಂಚಾರದಲ್ಲಿ ಸುಮಾರು 89 ಲಕ್ಷ ಜನ ಸೇರಿ, 77 ಕೋಟಿ ಡಾಲರಿಗೂ ಮಿಕ್ಕಿ ಹಣ ಬಂತು. ಅಲ್ಲಿಯವರೆಗೆ ಲೋಕದಲ್ಲಿ ಅದೇ ದಾಖಲೆ. ತಲೆಗೆ ಲೆಕ್ಕ ಹಾಕಿದರೆ 87 ಡಾಲರು. ಬೆಲೆಯನ್ನು ಹಿಡಿತದಲ್ಲಿಟ್ಟು ಜನವನ್ನು ಹೆಚ್ಚಿಸುವುದೂ ಒಂದು ಮಾರ್ಗವೆಂಬುದಕ್ಕೆ ಇದು ಸಾಕ್ಷಿ. ಇದೇ ಗಾಯಕ 2025ರ ಫೆಬ್ರವರಿ 9ರ ಬೆಳಿಗ್ಗೆ ನಮ್ಮ ಚರ್ಚ್ ಸ್ಟ್ರೀಟಿನ ಬದಿಯಲ್ಲಿ ನಿಂತು, ದಾರಿಹೋಕರಿಗಾಗಿ ಪುಕ್ಕಟೆಯಾಗಿ ಹಾಡತೊಡಗಿದರು. ಪೊಲೀಸಿನವರು ಬಂದು ಮೈಕಿನ ತಂತಿ ಕಿತ್ತರು. ಅನುಮತಿ ಇತ್ತೆಂದು ಅವರು, ಇರಲಿಲ್ಲವೆಂದು ಇವರು.

ಪೊಲೀಸಿನವರನ್ನು ಹಾಸ್ಯ ಮಾಡುವುದು ಸುಲಭ. ಆದರೆ ಅದೇ ವರ್ಷದ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ, ಕ್ರಿಕೆಟ್ ವಿಜಯೋತ್ಸವಕ್ಕೆಂದು ನುಗ್ಗಿದ ಜನಸಂದಣಿಯಲ್ಲಿ ಹನ್ನೊಂದು ಜೀವಗಳು ಹೋದವು. ಎಷ್ಟು ಜನ ಬರುತ್ತಾರೆಂಬ ಎಣಿಕೆಯಿಲ್ಲದ ಕಡೆ ಬಿಟ್ಟಿ ಪ್ರವೇಶವೆನ್ನುವುದು ಔದಾರ್ಯವಲ್ಲ, ಅಪಾಯ. ಟಿಕೆಟ್ಟೆಂಬುದು ಬೆಲೆ ಮಾತ್ರವಲ್ಲ, ಲೆಕ್ಕವೂ ಹೌದು: ಇಷ್ಟು ಜನಕ್ಕೆ ಇಷ್ಟು ಸ್ಥಳ, ಇಷ್ಟು ಬಾಗಿಲು, ಇಷ್ಟು ನೀರು ಎಂದು ಗೊತ್ತು ಮಾಡುವ ಸಾಧನ. ಆದ್ದರಿಂದ ಎಲ್ಲವೂ ಪುಕ್ಕಟೆಯಾಗಲಿ ಎಂದು ಕೇಳುವವನು ನಾನಲ್ಲ. ನನ್ನ ಚಿಂತೆ ಬೇರೆ. ಒಂದು ಕಡೆ ಏಳೂವರೆ ಸಾವಿರದ ಟಿಕೆಟ್ಟು, ಇನ್ನೊಂದು ಕಡೆ ಗಣೇಶನ ಪೆಂಡಾಲಿನ ಪುಕ್ಕಟೆ ಆರ್ಕೆಸ್ಟ್ರಾ. ನಡುವೆ ಏನೂ ಇಲ್ಲವಲ್ಲ! ನಾವು ಸಂಸಾರ ಸಮೇತ ಹೋಗಿ, ಯೋಗ್ಯವಾದ ಬೆಲೆ ಕೊಟ್ಟು, ಮರ್ಯಾದೆಯಿಂದ ಕುಳಿತು ಕೇಳಿ ಬರುವ ಆ ಬೆಂಚು ಎಲ್ಲಿ ಹೋಯಿತು?

ಸರ್ಕಾರಕ್ಕಾದರೂ ಆ ಬೆಂಚಿನ ನೆನಪು ಇದ್ದಂತಿದೆ. ಜಿ.ಎಸ್.ಟಿ. ತೆರಿಗೆ ಬಂದಾಗ 250 ರೂಪಾಯಿವರೆಗಿನ ಸಂಗೀತ ಕಚೇರಿಯ ಟಿಕೆಟ್ಟಿಗೆ ವಿನಾಯಿತಿ ಇತ್ತು. 2018ರಲ್ಲಿ ಆ ಮಿತಿಯನ್ನು 500 ರೂಪಾಯಿಗೆ ಏರಿಸಿದರು. ತೆರಿಗೆಯಿಲ್ಲದ ಬೆಂಚು ಸಿದ್ಧವಾಗಿದೆ. ಹಾಕುವವರೂ ಇಲ್ಲ, ಕೂಡುವವರೂ ಇಲ್ಲ.

ಈ ವಿಚಾರವನ್ನೆಲ್ಲ ಬರೆದು, ಇಲ್ಲಿಗೆ ಮುಗಿಸಿ, ವ್ಯಾಪಾರಿಗಳನ್ನು ನಾಲ್ಕು ಮಾತು ಬೈದು ಸಹಿ ಹಾಕುವವನಿದ್ದೆ. ಅಷ್ಟರಲ್ಲಿ ನೆರೆಮನೆಯ ಹುಡುಗಿ ಮತ್ತೆ ಬಂದಳು. ಟಿಕೆಟ್ಟು ಕೊಂಡಾಗಿತ್ತು, ಕಚೇರಿಯೂ ಆಗಿತ್ತು. ತಂದೆ ಒಂಟಿಯಾಗಿ ಕಳುಹಿಸಲಾರದೆ ಯಶವಂತಪುರದಿಂದ ಮೆಟ್ರೋದಲ್ಲಿ ತಾವೂ ಜೊತೆಗೆ ಹೋಗಿ, ಮೂರು ಗಂಟೆ ಕಾಲ ಮೈದಾನದ ಹೊರಗೆ ಕಡಲೆಕಾಯಿ ತಿನ್ನುತ್ತ ಕಾದಿದ್ದರಂತೆ. “ಅಪ್ಪನಿಗೆ ಏನು ಕೇಳಿಸಿತಂತೆ?” ಎಂದೆ. “ಬರೀ ಧಿಂ ಧಿಂ ಅಂತೆ” ಎಂದು ನಕ್ಕಳು. ಆಮೇಲೆ ಸ್ವಲ್ಪ ಗಂಭೀರಳಾದಳು.

“ಅಂಕಲ್, ಒಂದು ಮಾತು. ಅಪ್ಪ ಏಳೂವರೆ ಸಾವಿರ ಅನ್ಯಾಯ ಅಂದರು. ಆಗಲಿ. ಹೋದ ರಾಮನವಮಿಗೆ ನಮ್ಮ ಲೇಔಟಿನ ದೇವಸ್ಥಾನದಲ್ಲಿ ನಮ್ಮ ಸಂಗೀತದ ಮೇಷ್ಟರು ಎರಡೂವರೆ ಗಂಟೆ ಹಾಡಿದರಲ್ಲ. ಪಿಟೀಲಿನವರು, ಮೃದಂಗದವರು, ಮೂರು ಜನಕ್ಕೂ ಸೇರಿ ಕಮಿಟಿಯವರು ಎಷ್ಟು ಕೊಟ್ಟರು ಗೊತ್ತೇ? ನಾಲ್ಕೂವರೆ ಸಾವಿರ. ಮೇಷ್ಟರಿಗೆ ಉಳಿದದ್ದು ಸಾವಿರದ ಐನೂರು. ಅವರು ಮೂವತ್ತು ವರ್ಷದಿಂದ ಹಾಡ್ತಿದ್ದಾರೆ. ಕಮಿಟಿಯ ಖಜಾಂಚಿ ನಮ್ಮ ಅಪ್ಪ.”

ನಾನು ಏನೂ ಹೇಳಲಿಲ್ಲ. ಆ ಕಮಿಟಿಯಲ್ಲಿ ನಾನೂ ಒಬ್ಬ ಸದಸ್ಯ. ಆ ಲೆಕ್ಕಕ್ಕೆ ಒಪ್ಪಿ ರುಜು ಹಾಕಿದವನು. ಶಾಮಿಯಾನದವನಿಗೆ ಹದಿನೆಂಟು ಸಾವಿರ ಕೊಟ್ಟ ಹಾಳೆಯಲ್ಲೇ ಆ ನಾಲ್ಕೂವರೆ ಸಾವಿರವೂ ಇತ್ತು. ನನ್ನ ಕಣ್ಣಿಗೆ ಅದು ಕಡಿಮೆಯಾಗಿ ಕಾಣಿಸಿರಲಿಲ್ಲ. ದೇವರ ಸನ್ನಿಧಿಯ ಸೇವೆ, ಜನಕ್ಕೆ ಪುಕ್ಕಟೆ, ಇನ್ನೇನು ಎಂದುಕೊಂಡಿದ್ದೆ.

ಬೆಂಚನ್ನು ಎತ್ತಿಕೊಂಡು ಹೋದವರು ವ್ಯಾಪಾರಿಗಳು ಮಾತ್ರವೇ ಎಂದು ಇಷ್ಟು ಹೊತ್ತು ಬರೆದವನಿಗೆ, ಅದರ ಒಂದು ತುದಿಯನ್ನು ತಾನೂ ಹಿಡಿದಿದ್ದೇನೆಂದು ಆಗ ತಿಳಿಯಿತು. ಹತ್ತಿರದ ಹಾಡಿಗೆ ಏನೂ ಕೊಡಬೇಕಾಗಿಲ್ಲ ಎಂಬ ಅಭ್ಯಾಸ ನಮಗೆ ಆಗಿದೆ. ಮಕ್ಕಳು ಅದನ್ನು ನೋಡುತ್ತ ಬೆಳೆಯುತ್ತಾರೆ. ಬೆಲೆಯಿಲ್ಲದ್ದಕ್ಕೆ ಯೋಗ್ಯತೆಯೂ ಇಲ್ಲವೆಂದು ತಿಳಿಯುತ್ತಾರೆ. ಆಮೇಲೆ ದೂರದಿಂದ ಬಂದ ಹಾಡಿಗೆ ಅವರು ಕೇಳಿದಷ್ಟು ಕೊಟ್ಟರೆ ನಮಗೆ ಆಶ್ಚರ್ಯವಾಗುತ್ತದೆ. ಮೇಷ್ಟರ ಶಿಷ್ಯರಲ್ಲಿ ಯಾರಾದರೂ ಸಂಗೀತವನ್ನೇ ನಂಬಿ ಬಾಳುತ್ತೇನೆಂದರೆ, ನಾಲ್ಕೂವರೆ ಸಾವಿರವನ್ನು ಮೂರು ಪಾಲು ಮಾಡಿದ ಲೆಕ್ಕವನ್ನು ನೋಡಿದ ಯಾವ ತಂದೆ ಒಪ್ಪುತ್ತಾನೆ? ಹಾಗಾದರೆ ಇನ್ನು ಇಪ್ಪತ್ತು ವರ್ಷದ ಮೇಲೆ ರಾಮನವಮಿಗೆ ಹಾಡುವವರು ಯಾರು?

ಹೋದ ಭಾನುವಾರ ಕಮಿಟಿಯ ಸಭೆ ಸೇರಿತು. ಬರುವ ರಾಮನವಮಿಗೆ ಹೀಗೆ ಎಂದು ನಿರ್ಣಯವಾಗಿದೆ: ಹಿಂದೆ ಜಮಖಾನೆ ಹಾಸುವುದು, ಅಲ್ಲಿ ಯಾರು ಬಂದರೂ ಉಚಿತ, ಮುಂದೆ ನೂರು ಕುರ್ಚಿ ಹಾಕುವುದು, ಒಂದಕ್ಕೆ ನೂರು ರೂಪಾಯಿ. ಕುರ್ಚಿಯಿಂದ ಬಂದ ಹಣವೆಲ್ಲ ಹಾಡುವವರಿಗೆ ಮತ್ತು ಪಕ್ಕವಾದ್ಯದವರಿಗೆ. ಕಮಿಟಿಯ ನಾಲ್ಕೂವರೆ ಸಾವಿರ ಅದರ ಮೇಲೆ. ದೇವಸ್ಥಾನದಲ್ಲಿ ಟಿಕೆಟ್ಟೇ ಎಂದು ಇಬ್ಬರು ಹಿರಿಯರು ಮುನಿಸಿಕೊಂಡರು. ಜಮಖಾನೆಯ ಮೇಲೆ ಕೂತವರಿಗೂ ರಾಮ ಅದೇ ರಾಮ ಎಂದು ಹೇಳಿ ಸಮಾಧಾನ ಮಾಡಬೇಕಾಯಿತು. ನೂರು ಕುರ್ಚಿ ತುಂಬುವುದೋ ಇಲ್ಲವೋ ಹೇಳಲಾರೆ. ತುಂಬದಿದ್ದರೆ ಆ ವಿಷಯವನ್ನೂ ಇದೇ ಅಂಕಣದಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಸಭೆ ಮುಗಿಸಿ ಬರುವಾಗ ನೆರೆಮನೆಯವರು ಗೇಟಿನ ಬಳಿ ನಿಂತು, ದನಿ ತಗ್ಗಿಸಿ ಕೇಳಿದರು:

“ಸ್ವಾಮಿ, ಖಜಾಂಚಿಗೆ ಪಾಸು ಉಂಟಲ್ಲವೇ?”

“ಇಲ್ಲ” ಎಂದೆ. “ಸದಸ್ಯರಿಗೂ ಇಲ್ಲ.”

ಅವರು ಜೇಬಿನಿಂದ ನಾನೂರು ರೂಪಾಯಿ ತೆಗೆದು ನನ್ನ ಕೈಯಲ್ಲಿಟ್ಟರು. ಮನೆಯಲ್ಲಿ ಅವರು ನಾಲ್ಕು ಜನ.